ಟಿಕೆಟ್‌ನಲ್ಲಿ ‘ಗೋವಾ’ ಅಂತಿದ್ದರೆ ಯಾವ ಗೋವಾ ಅಂತ ನೋಡಿಕೊಳ್ಳಿ

ಕಾರವಾರ, ಅಂಕೋಲಾ, ಹುಬ್ಬಳ್ಳಿ ಕಡೆಯಿಂದ ಗೋವಾಕ್ಕೆ ಹೋಗಿ ವಿಮಾನ ಹತ್ತುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣಗಳಿವೆ. 2024ರ ಡಿಸೆಂಬರ್‌ನಲ್ಲಿ ನನಗೂ ಅಮ್ಮನಿಗೂ ಆದದ್ದು ಇನ್ನೊಬ್ಬರಿಗೆ ಆಗಬಾರದು.

ತಂಗಿಯ ಸೀಮಂತಕ್ಕೆ ದೆಹಲಿಗೆ ಹೊರಟಿದ್ದೆವು. ಅಮ್ಮನಿಗೆ ಅದೇ ಮೊದಲ ವಿಮಾನ. ಟಿಕೆಟ್ ಮಾಡಿಕೊಟ್ಟ ಏಜೆಂಟರು ‘ಗೋವಾದಿಂದ 11.40ಕ್ಕೆ’ ಅಂದರು, ಅಷ್ಟೇ. ನಮ್ಮ ಕಡೆ ಗೋವಾ ಏರ್‌ಪೋರ್ಟ್ ಅಂದರೆ ಮೊದಲಿಂದಲೂ ದಾಬೋಲಿಂ. ಬೆಳಿಗ್ಗೆ ಆರೂವರೆಗೆ ಕಾರವಾರ ಬಿಟ್ಟು, ಕಾಣಕೋಣ, ಮಡಗಾಂವ್ ದಾಟಿ ಒಂಬತ್ತು ಗಂಟೆಗೆ ಅಲ್ಲಿದ್ದೆವು. ಬೇಕಾದಷ್ಟು ಸಮಯವಿತ್ತು.

ಬಾಗಿಲಲ್ಲಿದ್ದ ಜವಾನ ನನ್ನ ಫೋನ್ ತೆಗೆದುಕೊಂಡು ಟಿಕೆಟನ್ನು ಎರಡು ಬೆರಳಲ್ಲಿ ಹಿಗ್ಗಿಸಿ ತೋರಿಸಿದ. ‘ಗೋವಾ’ದ ಪಕ್ಕ ಸಣ್ಣದಾಗಿ ಮೂರು ಅಕ್ಷರ: ಜಿ, ಓ, ಎಕ್ಸ್. ‘ಇದು ಮೋಪಾದ್ದು’ ಅಂದ. ಅಮ್ಮ ಉಂಡೆಯ ಸ್ಟೀಲ್ ಡಬ್ಬಿಯನ್ನು ಎದೆಗವಚಿಕೊಂಡು ನನ್ನ ಮುಖ, ಅವನ ಮುಖ ನೋಡುತ್ತಾ ನಿಂತಿದ್ದಳು.

ದಾಬೋಲಿಂ ನೌಕಾಪಡೆಯ ನೆಲೆ, ವಾಸ್ಕೋ ಪಕ್ಕದಲ್ಲಿ. ಅದರ ಕೋಡ್ ಜಿಓಐ. ಮೋಪಾ ಇರುವುದು ಉತ್ತರದ ತುದಿಯಲ್ಲಿ, ಪೆಡಣೆ ತಾಲ್ಲೂಕಿನಲ್ಲಿ, ಮಹಾರಾಷ್ಟ್ರ ಗಡಿಗೆ ಹತ್ತಿರ. ಮನೋಹರ್ ಪರಿಕ್ಕರ್ ಹೆಸರಿನ ಆ ನಿಲ್ದಾಣದಿಂದ 2023ರ ಜನವರಿಯಿಂದ ವಿಮಾನಗಳು ಹಾರುತ್ತಿವೆ. ಎರಡರ ನಡುವೆ ರಸ್ತೆಯಲ್ಲಿ ಸುಮಾರು 60 ಕಿ.ಮೀ. ನಕ್ಷೆ ಒಂದೂವರೆ ಗಂಟೆ ಅನ್ನುತ್ತದೆ. ಅದನ್ನು ನಂಬಿಯೇ ಹೊರಟೆವು.

ಜುವಾರಿಯ ಹೊಸ ಸೇತುವೆ ಸಲೀಸಾಗಿ ದಾಟಿತು, ಪಣಜಿಯೂ ಪರವಾಗಿಲ್ಲ. ಮಾಂಡೋವಿ ದಾಟಿದ ಮೇಲೆ ಪರ್ವರಿಯಲ್ಲಿ ಮೇಲ್ಸೇತುವೆ ಕಾಮಗಾರಿ. ಅಲ್ಲಿ ನಲವತ್ತು ನಿಮಿಷ ಆಮೆಯ ಹಾಗೆ ತೆವಳಿದೆವು. ಮಾಪುಸಾ ದಾಟಿ ಮೋಪಾ ಮುಟ್ಟುವಾಗ 11.05. ಕೌಂಟರ್ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಅಂದರೆ 10.40ಕ್ಕೇ ಮುಚ್ಚಿಯಾಗಿತ್ತು. ಎಷ್ಟು ಬೇಡಿಕೊಂಡರೂ ಆಗಲಿಲ್ಲ. ಮರುದಿನದ ಟಿಕೆಟಿಗೆ ಹೊಸದಾಗಿ ದುಡ್ಡು ಕಟ್ಟಿದೆವು. ಸೀಮಂತ ಆ ಸಂಜೆಯೇ ಇತ್ತು. ಅಮ್ಮ ಅದನ್ನು ಫೋನಿನಲ್ಲಿ ನೋಡಿದಳು. ಆ ದೃಶ್ಯ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಏಜೆಂಟರು ಏನೇ ಹೇಳಲಿ, ಟಿಕೆಟ್‌ನ ಆ ಮೂರು ಅಕ್ಷರಗಳನ್ನು ನೀವೇ ಓದಿ. ಕಾರವಾರದಿಂದ ಮೋಪಾ ಆದರೆ ದಾಬೋಲಿಂಗಿಂತ ಕನಿಷ್ಠ ಎರಡು ಗಂಟೆ ಮೊದಲು ಮನೆ ಬಿಡಿ. ಒಂದರಲ್ಲಿ ಇಳಿದು ಇನ್ನೊಂದರಿಂದ ಹಾರುವ ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ತೆಗೆದುಕೊಂಡರೆ ನಡುವೆ ಐದಾರು ಗಂಟೆಯಾದರೂ ಇರಲಿ. ವಾಪಸ್ ಟಿಕೆಟನ್ನೂ ನೋಡಿ. ನಮ್ಮದು ಬಂದಿಳಿದದ್ದು ದಾಬೋಲಿಂನಲ್ಲಿ. ಕಾರು ಮೋಪಾದಲ್ಲೇ ನಿಲ್ಲಿಸಿ ಹೋಗಿದ್ದರೆ ರಾತ್ರಿ ಹನ್ನೊಂದಕ್ಕೆ ಮತ್ತೆ ಅದೇ 60 ಕಿ.ಮೀ. ಹೋಗಬೇಕಾಗುತ್ತಿತ್ತು.