ಮಲೆನಾಡಿನ ಕೆಸರಿಗೆ ಎಟಿ ಟೈರಾ, ಎಂಟಿ ಟೈರಾ, ಕಬ್ಬಿಣದ ಚೈನಾ? ವಿಂಚ್ ಬೇಕಾ, ಹಗ್ಗ ಸಾಕಾ?

ಆಫ್‌ರೋಡ್‌ಗೆ ಗಾಡಿ ತಯಾರು ಮಾಡಬೇಕು ಅಂದರೆ ಆಕ್ಸೆಸರಿ ಅಂಗಡಿಯವರು ಮೊದಲು ತೋರಿಸುವುದು ವಿಂಚ್, ಅಂದರೆ ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಮೋಟಾರು. ಆಮೇಲೆ ಕಬ್ಬಿಣದ ಬಂಪರ್, ಲೈಟ್ ಬಾರ್, ಸ್ನಾರ್ಕೆಲ್. ಟೈರಿನ ಮಾತು ಕೊನೆಗೆ ಬರುತ್ತದೆ. ಟೈರಿನೊಳಗಿನ ಗಾಳಿಯ ಮಾತು ಬರುವುದೇ ಇಲ್ಲ. ಮಲೆನಾಡಿನ ಕೆಸರಿನಲ್ಲಿ ಇವುಗಳಲ್ಲಿ ಮುಖ್ಯವಾದವನ್ನು ಹಾಕಿ, ಎಳೆದು, ಬಿಚ್ಚಿ ನೋಡಿದ ಮೇಲೆ ನನಗನಿಸಿದ್ದು ಇಷ್ಟು: ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಯಾವ ಗಾಡಿ, ಯಾವ ದಾರಿ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹೋಲಿಕೆಗೆ ಅರ್ಥ ಇರುವುದಿಲ್ಲ. ನನ್ನದು ಐದು ಬಾಗಿಲಿನ ಮಾರುತಿ ಜಿಮ್ನಿ, ಮ್ಯಾನ್ಯುವಲ್ ಗೇರ್. ತೂಕ 1,200 ಕೆ.ಜಿ. ಆಸುಪಾಸು. ಭಾವನದು ಡೀಸೆಲ್ ಥಾರ್, 2020ರಲ್ಲಿ ಬಂದ ಹೊಸ ರೂಪದ್ದು. ಅದು ಒಂದೂಮುಕ್ಕಾಲು ಟನ್ ಹತ್ತಿರ ತೂಗುತ್ತದೆ. ಇವೆರಡರ ಜೊತೆಗೆ ತೋಟದ ಹಳೆಯ ಮಹೀಂದ್ರ ಜೀಪು. ಜಾಗ ಸಕಲೇಶಪುರದ ಆಚೆ ಇರುವ ಭಾವನ ಕಾಫಿ ತೋಟ. ಮನೆ ಹಿಂದಿನಿಂದ ಮೇಲಿನ ಬ್ಲಾಕ್‌ಗೆ ಒಂದು ಏರು ಹೋಗುತ್ತದೆ. ಕೆಂಪು ಜೇಡಿಮಣ್ಣು, ಒಂದು ಪಕ್ಕ ಚರಂಡಿ, ನಡುವೆ ಒಂದು ಇಕ್ಕಟ್ಟು ತಿರುವು. ಬೇಸಿಗೆಯಲ್ಲಿ ಆಲ್ಟೊ ಕೂಡ ಹತ್ತುತ್ತದೆ. ಜುಲೈ ತಿಂಗಳಲ್ಲಿ ನಡೆದು ಹೋಗುವವರೂ ಕಾಫಿ ಗಿಡ ಹಿಡಿದುಕೊಂಡೇ ಹತ್ತಬೇಕು.

ಸ್ವಂತ ತೋಟವಾದ್ದರಿಂದ ಯಾರ ಅನುಮತಿಯ ತಕರಾರೂ ಇಲ್ಲ. ಕಾಡಿನ ದಾರಿಗೆ ಸುಮ್ನೆ ನುಗ್ಗುವ ಹಾಗಿಲ್ಲ. ಕೊಡಚಾದ್ರಿ ಇರುವುದು ಮೂಕಾಂಬಿಕಾ ಅಭಯಾರಣ್ಯದೊಳಗೆ. ಅಲ್ಲಿಗೆ ಹೋಗುವುದಾದರೆ ಊರಿನವರ ಜೀಪಿನಲ್ಲಿ ಕೂತು, ಅವರು ಸ್ಟೀರಿಂಗ್ ಹೇಗೆ ಹಿಡಿಯುತ್ತಾರೆ ಅಂತ ನೋಡುತ್ತಾ ಹೋಗಿ. ಅದೇ ಒಂದು ಪಾಠ.

ಈಗ ಟೈರು. ಜಿಮ್ನಿಗೆ ಕಂಪನಿಯಿಂದ ಬರುವುದು 195/80 ಆರ್15 ಅಳತೆಯ ಎಚ್‌ಟಿ, ಅಂದರೆ ಡಾಂಬರು ರಸ್ತೆಗೆ ಮಾಡಿದ ಟೈರು. ಒಣ ಮಣ್ಣು, ಜಲ್ಲಿ, ಕಲ್ಲಿನ ದಾರಿಯಲ್ಲಿ ಇದರಿಂದ ಏನೂ ತೊಂದರೆ ಇಲ್ಲ. ಹೊಸ ಗಾಡಿ ತಂದ ತಕ್ಷಣ ಟೈರು ಬದಲಾಯಿಸಲು ಓಡುವವರು ಇದನ್ನು ನಂಬುವುದಿಲ್ಲ. ಆದರೆ ಮಳೆ ಬಿದ್ದ ಜೇಡಿಮಣ್ಣಿನಲ್ಲಿ ಎಚ್‌ಟಿ ಟೈರಿನ ಗೆರೆಗಳು ಚಕ್ರ ಒಂದೆರಡು ಸುತ್ತು ಸುತ್ತುವಷ್ಟರಲ್ಲಿ ಮುಚ್ಚಿಹೋಗುತ್ತವೆ. ಆಮೇಲೆ ಟೈರು ಬೆಣ್ಣೆ ಸವರಿದ ಲಟ್ಟಣಿಗೆ ಥರ ಸುಮ್ಮನೆ ತಿರುಗುತ್ತದೆ. ನಮ್ಮ ಏರಿನಲ್ಲಿ ಅದು ತಿರುವಿನವರೆಗೂ ಬರಲಿಲ್ಲ.

ನಂತರ 215/75 ಆರ್15 ಅಳತೆಯ ಎಟಿ, ಅಂದರೆ ಡಾಂಬರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್ ಟೈರು ಹಾಕಿಸಿದೆ. ಒಟ್ಟು ಎತ್ತರದಲ್ಲಿ ಹಳೆಯದಕ್ಕೂ ಇದಕ್ಕೂ ಹತ್ತು ಮಿಲಿಮೀಟರ್‌ನಷ್ಟು ವ್ಯತ್ಯಾಸ, ಹಾಗಾಗಿ ಎಲ್ಲೂ ಉಜ್ಜುವುದಿಲ್ಲ. ಅದೇ ಏರು, ಅದೇ ಮಳೆ. ಗಾಡಿಯ ಕಂಪನಿ ಸ್ಟಿಕರ್‌ನಲ್ಲಿ ಬರೆದಷ್ಟು ಗಾಳಿ ಇಟ್ಟಾಗ ತಿರುವಿನಲ್ಲಿ ನಿಂತಿತು. 18 ಪಿಎಸ್‌ಐಗೆ ಇಳಿಸಿದಾಗ, ಒದ್ದಾಡುತ್ತಲೇ ಆದರೂ, ಹತ್ತಿತು. ಟೈರು ಬದಲಾಯಿಸದೆ, ಒಂದು ಪೈಸೆ ಖರ್ಚಿಲ್ಲದೆ ಸಿಕ್ಕ ಲಾಭ ಇದು. ಗಾಳಿ ಕಡಿಮೆಯಾದರೆ ಟೈರು ಅಗಲವಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಅದು ನೆಲಕ್ಕೆ ಉದ್ದುದ್ದಕ್ಕೆ ಒರಗುತ್ತದೆ. ಹಿಡಿತ ಬರುವುದು ಆ ಉದ್ದದಿಂದ. ಸಾಮಾನ್ಯ ರಿಮ್‌ನಲ್ಲಿ 15ಕ್ಕಿಂತ ಕೆಳಗೆ ಇಳಿಸಬೇಡಿ. ತಿರುವಿನಲ್ಲಿ ಟೈರಿನ ಅಂಚು ರಿಮ್ ಬಿಟ್ಟು ಹೊರಗೆ ಬರಬಹುದು. ಗಾಳಿ ಇಳಿಸಿಕೊಂಡು ಡಾಂಬರಿನ ಮೇಲೆ ಜೋರಾಗಿ ಓಡಿಸಿದರೆ ಟೈರು ಬಿಸಿಯಾಗಿ ಪಕ್ಕದ ಗೋಡೆ ಹಾಳಾಗುತ್ತದೆ, ಅದೂ ನೆನಪಿರಲಿ.

ಎಂಟಿ, ಅಂದರೆ ಕೆಸರಿಗೇ ಮಾಡಿದ ಮಡ್ ಟೆರೇನ್ ಟೈರನ್ನು ಗೆಳೆಯರೊಬ್ಬರಿಂದ ರಿಮ್ ಸಮೇತ ಎರವಲು ತಂದು ನೋಡಿದೆ. ಏರಿನ ಮಟ್ಟಿಗೆ ಹೇಳುವುದಾದರೆ ಅದಕ್ಕೆ ಎಟಿ ಸಮವೇ ಅಲ್ಲ. ದೊಡ್ಡ ದೊಡ್ಡ ರಬ್ಬರ್ ಗಟ್ಟಿಗಳ ನಡುವೆ ಅಗಲವಾದ ಸಂದಿ. ಚಕ್ರ ಸ್ವಲ್ಪ ಜೋರಾಗಿ ತಿರುಗಿದರೆ ಸಾಕು, ಸಂದಿಯ ಮಣ್ಣು ಕಿತ್ತು ಹಾರುತ್ತದೆ, ಟೈರು ಮತ್ತೆ ಹೊಸ ಹಿಡಿತ ಹುಡುಕುತ್ತದೆ. ಪಕ್ಕದ ಗೋಡೆಯೂ ದಪ್ಪ, ಚೂಪು ಕಲ್ಲಿಗೆ ಹೆದರಬೇಕಿಲ್ಲ. ಆದರೆ ಬೆಂಗಳೂರಿಂದ ಸಕಲೇಶಪುರಕ್ಕೆ 220 ಕಿಲೋಮೀಟರ್ ಡಾಂಬರು. ವಾಪಸ್ಸೂ ಅಷ್ಟೇ. ನಡುವೆ ಕೆಸರು ಸಿಗುವುದು ಎಷ್ಟು? ಆರೇಳು ಕಿಲೋಮೀಟರ್. ಹಾಸನ ದಾಟುವಷ್ಟರಲ್ಲೇ ಗುಂಯ್ ಅನ್ನುವ ಸದ್ದಿಗೆ ತಲೆನೋವು ಬಂದಿತ್ತು. ಸದ್ದನ್ನಾದರೂ ಸಹಿಸಬಹುದು, ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಿಡಿದಾಗ ಗಾಡಿ ನಿಲ್ಲುವುದು ತಡ. ನೆಲಕ್ಕೆ ತಾಗುವ ರಬ್ಬರ್ ಕಡಿಮೆ, ನೀರು ಸರಿಸುವ ಸಣ್ಣ ಸೀಳುಗಳೂ ಕಡಿಮೆ. ಮಳೆಯಲ್ಲಿ ಶಿರಾಡಿ ಘಾಟಿಯ ಲಾರಿಗಳ ಹಿಂದೆ ಆ ಟೈರಿನಲ್ಲಿ ಇಳಿಯಲು ನನಗೆ ಧೈರ್ಯ ಇಲ್ಲ.

ಈ ಜಗಳವನ್ನು ಬಗೆಹರಿಸಿದ್ದು ತೋಟದ ಜೀಪು. ಅದರ ಹಿಂದಿನ ಚಕ್ರಗಳಿಗೆ ಮಳೆಗಾಲ ಪೂರ್ತಿ ಕಬ್ಬಿಣದ ಚೈನು. ಟೈರು ಅಂಥ ಒಳ್ಳೆಯದೇನಲ್ಲ, ಅರ್ಧ ಸವೆದದ್ದು. ಆದರೂ ಕೂಲಿಯವರನ್ನು, ಗೊಬ್ಬರದ ಮೂಟೆಗಳನ್ನು ಹೇರಿಕೊಂಡು ದಿನಾ ಅದೇ ಏರು ಹತ್ತುತ್ತದೆ. ಅಳತೆ ನೋಡಿ ಜಿಮ್ನಿಗೂ ಒಂದು ಜೊತೆ ತಂದು ಎಟಿ ಟೈರಿನ ಮೇಲೆ ಕಟ್ಟಿದೆ. ಎಂಟಿಗಿಂತ ನಿರಾಳವಾಗಿ ಹತ್ತಿತು. ಚಕ್ರ ಸುತ್ತಿ ಮಣ್ಣು ಹಾರಿಸುವ ಗಲಾಟೆಯೇ ಇಲ್ಲ. ನಿಧಾನವಾಗಿ ಕಚ್ಚಿಕೊಂಡು ಹೋಗುತ್ತದೆ.

ಚೈನಿಗೂ ಅದರದ್ದೇ ಕಿರಿಕಿರಿ ಇದೆ. ಕೆಸರಿನಲ್ಲಿ ಕೂತು ಕಟ್ಟಬೇಕು, ಬಿಚ್ಚಬೇಕು. ಗಾಳಿ ಇಳಿಸಿದ ಟೈರಿಗೆ ಕಟ್ಟಿದರೆ ಸಡಿಲವಾಗಿ ಮಡ್‌ಗಾರ್ಡ್‌ಗೆ ಬಡಿಯುತ್ತದೆ. ಹಾಗಾಗಿ ಒಂದೋ ಗಾಳಿ ಇಳಿಸಬೇಕು, ಇಲ್ಲವೇ ಚೈನು ಕಟ್ಟಬೇಕು. ಎರಡನ್ನೂ ಒಟ್ಟಿಗೆ ಮಾಡುವ ಹಾಗಿಲ್ಲ. ಡಾಂಬರು ಸಿಕ್ಕ ತಕ್ಷಣ ಬಿಚ್ಚಬೇಕು. ಇನ್ನೊಂದು ವಿಷಯ, ಚೈನು ದಾರಿಯನ್ನು ಉತ್ತು ಹಾಕುತ್ತದೆ. "ಒಂದು ಜೀಪು ಉತ್ತಿದ್ದು ಸಾಲದು ಅಂತ ನೀವೂ ಬಂದ್ರಾ?" ಅಂತ ಭಾವ ಗೊಣಗಿದ್ದು ಅದಕ್ಕೇ. ಬೇರೆಯವರ ತೋಟವಾದರೆ ಕೇಳಿಯೇ ಕಟ್ಟಿ. ಪೇಟೆಯಿಂದ ಹೋಗಿ ಬರುವ ನಮ್ಮಂಥವರಿಗೆ ನನ್ನ ಆಯ್ಕೆ ಎಟಿ ಟೈರು, ಡಿಕ್ಕಿಯಲ್ಲಿ ಒಂದು ಜೊತೆ ಚೈನು. ತೋಟದಲ್ಲೇ ಇರುವವರು ಎಂಟಿ ಹಾಕಿಕೊಳ್ಳಲಿ.

ಗಾಡಿ ಗಾಡಿಗೂ ಹೋಲಿಸಿ ಅಂತ ಕೇಳುವವರು ಇದ್ದೇ ಇರುತ್ತಾರೆ. ಎರಡು ಚಕ್ರ ಓರೆಯಾಗಿ ಗಾಳಿಯಲ್ಲಿ ಎದ್ದಾಗ ಇವುಗಳ ಗುಣ ಗೊತ್ತಾಗುತ್ತದೆ. ಭಾವನ ಥಾರ್‌ನ ಹಿಂದಿನ ಆಕ್ಸಲ್‌ನಲ್ಲಿ ಮೆಕ್ಯಾನಿಕಲ್ ಲಾಕರ್ ಇದೆ. ಒಂದು ಚಕ್ರ ಸುಮ್ಮನೆ ತಿರುಗತೊಡಗಿದರೆ ಟಕ್ ಅಂತ ಲಾಕ್ ಆಗಿ ಇನ್ನೊಂದಕ್ಕೂ ಬಲ ಹೋಗುತ್ತದೆ. ಜಿಮ್ನಿಯಲ್ಲಿ ಆ ಕೆಲಸ ಬ್ರೇಕಿನದು. ಸುತ್ತುವ ಚಕ್ರವನ್ನು ಅದೇ ಹಿಡಿಯುತ್ತದೆ. ಆದರೆ ಅದಕ್ಕೆ ಒಂದೆರಡು ಕ್ಷಣ ಬೇಕು, ಅಷ್ಟು ಹೊತ್ತು ನೀವು ಆಕ್ಸಿಲರೇಟರ್ ಬಿಡಬಾರದು. ಹೆದರಿ ಕಾಲು ತೆಗೆದರೆ ಕೆಲಸ ಕೆಟ್ಟಿತು. ಲಾಕರ್ ಇದ್ದದ್ದು ಮೇಲು, ಅದರಲ್ಲಿ ಅನುಮಾನ ಇಲ್ಲ. ಕೆಸರಿನಲ್ಲಿ ಮಾತ್ರ ಹಗುರ ಗಾಡಿಯೇ ವಾಸಿ. ಥಾರ್ ಹೂತುಕೊಂಡ ಕಡೆ ಜಿಮ್ನಿ ಮೇಲ್ಮೇಲೆ ತೇಲಿಕೊಂಡು ಹೋಗಿದ್ದುಂಟು. ಭಾವ ಇದನ್ನು ಒಪ್ಪುವುದಿಲ್ಲ.

ಹೂತ ಮೇಲೆ ಹೊರಗೆ ತೆಗೆಯುವ ವಿಷಯಕ್ಕೆ ಬರೋಣ. ನಾನು ಕೈಯಾರೆ ಬಳಸಿ ನೋಡಿದ್ದು ವಿಂಚ್, ಕೈನೆಟಿಕ್ ಹಗ್ಗ, ಚಕ್ರದ ಕೆಳಗೆ ಕೊಡುವ ಪ್ಲಾಸ್ಟಿಕ್ ಟ್ರ್ಯಾಕ್ಷನ್ ಬೋರ್ಡು, ಮತ್ತು ತೋಟದವರ ಹಳೆಯ ಉಪಾಯವಾದ ಗೋಣಿಚೀಲ.

ವಿಂಚ್ ಕೆಲಸ ಮಾಡುತ್ತದೆ, ಸಂಶಯವೇ ಬೇಡ. ನಮ್ಮ ಆಫ್‌ರೋಡ್ ಗೆಳೆಯರ ಗುಂಪಿನ ಒಂದು ಥಾರ್‌ನಲ್ಲಿ ಇದ್ದದ್ದು 9,500 ಪೌಂಡಿನದು, ಅಂದರೆ 4,300 ಕೆ.ಜಿ. ಎಳೆಯುವಂಥದ್ದು. ಗಾಡಿ ತೂಕದ ಒಂದೂವರೆ ಪಟ್ಟಾದರೂ ಇರಬೇಕು ಅನ್ನುವ ಲೆಕ್ಕಕ್ಕೆ ಧಾರಾಳ. ಆದರೆ ಆ ಅಂಕಿ ಡ್ರಮ್ಮಿನ ಮೇಲೆ ಒಂದೇ ಸುತ್ತಿನ ಪದರ ಉಳಿದಾಗಿನದು. ಹಗ್ಗ ಸುತ್ತಿಕೊಂಡು ಪದರ ಹೆಚ್ಚಿದಂತೆ ಬಲ ಇಳಿಯುತ್ತದೆ. ಪೂರ್ತಿ ಹೊರೆಯಲ್ಲಿ 400 ಆಂಪಿಯರ್ ಹತ್ತಿರ ಕರೆಂಟು ಎಳೆಯುತ್ತದೆ, ಎಂಜಿನ್ ಓಡುತ್ತಿರಲೇಬೇಕು. ಸ್ಟೀಲ್ ಹಗ್ಗ ಸೇರಿದರೆ ಗಾಡಿಯ ಮೂತಿಯ ಮೇಲೆ 40 ಕೆ.ಜಿ.ವರೆಗೆ ಭಾರ. ಅದರ ಮೇಲೆ ಕಬ್ಬಿಣದ ಬಂಪರಿನ ಭಾರ ಬೇರೆ. ಎಲ್ಲಕ್ಕಿಂತ ದೊಡ್ಡ ತೊಂದರೆ, ಕಟ್ಟುವುದು ಯಾವುದಕ್ಕೆ? ತೋಟದಲ್ಲಿ ಕೈಗೆ ಸಿಗುವುದು ಸಿಲ್ವರ್ ಓಕ್. ಪ್ರತಿ ಮರಕ್ಕೂ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಬಳ್ಳಿ ಮೇಲೆ ಪಟ್ಟಿ ಬಿಗಿದರೆ ಬಳ್ಳಿಯೂ ಹೋಯಿತು, ನೆಂಟಸ್ತಿಕೆಯೂ ಹೋಯಿತು.

ಕಾನೂನಿನ ಕಡೆಯೂ ಸ್ವಲ್ಪ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಲು ಬಿಡುವುದಿಲ್ಲ. ಮುಂದಿನ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಹೆದ್ದಾರಿಯಲ್ಲಿ ನಿಲ್ಲಿಸಿ ದಂಡ ಹಾಕಿದರೆ ವಾದಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಕೈನೆಟಿಕ್ ಹಗ್ಗ ಇದಕ್ಕೆ ನೇರ ಪ್ರತಿಸ್ಪರ್ಧಿ, ಎರಡು ಗಾಡಿ ಇದ್ದರೆ ಮಾತ್ರ. ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗಿ, ಎಳೆಯುವ ಗಾಡಿಯ ಬಲವನ್ನೆಲ್ಲ ಹೂತ ಗಾಡಿಗೆ ಮೆಲ್ಲಗೆ ದಾಟಿಸುತ್ತದೆ. ಸಾಮಾನ್ಯ ಟೋಚನ್ ಪಟ್ಟಿ ಹಾಗೆ ಹಿಗ್ಗುವುದಿಲ್ಲ. ಅದರಲ್ಲಿ ಜಗ್ಗಿದರೆ ಹುಕ್ಕು ಕಿತ್ತು ಬರುತ್ತದೆ. ಕಿತ್ತ ಕಬ್ಬಿಣ ಗುಂಡಿನ ವೇಗದಲ್ಲಿ ಗಾಜು ಒಡೆದು ಒಳಗೆ ಬರಬಹುದು. ಅದಕ್ಕೇ ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ, ಅಂದರೆ ಶ್ಯಾಕಲ್ ಬಿಟ್ಟು ಹಗ್ಗದ ಸಾಫ್ಟ್ ಶ್ಯಾಕಲ್ ಇಟ್ಟುಕೊಂಡೆ. ಕಟ್ಟುವುದು ಚಾಸಿಗೆ ಸೇರಿದ ಹುಕ್ಕಿಗೆ ಮಾತ್ರ, ಟ್ರೇಲರ್ ಎಳೆಯುವ ಟೋ ಬಾಲ್‌ಗೆ ಯಾವತ್ತೂ ಅಲ್ಲ. ಹಗ್ಗದ ಹತ್ತಿರ ಯಾರೂ ನಿಲ್ಲಬಾರದು, ಫೋನ್ ಹಿಡಿದು ವಿಡಿಯೊ ಮಾಡುವವರಂತೂ ದೂರ ಇರಬೇಕು. ಭಾವನ ಥಾರ್ ತಿರುವಿನ ಚರಂಡಿಗೆ ಇಳಿದಾಗ ನನ್ನ ಪುಟ್ಟ ಗಾಡಿ ಈ ಹಗ್ಗದಿಂದಲೇ ಅದನ್ನು ಮೇಲೆ ತಂದಿತು. ವಿಂಚ್ ಬಿಚ್ಚಿ, ಕಟ್ಟಿ, ಸುತ್ತುವ ಹೊತ್ತಿನಲ್ಲಿ ಕಾಫಿ ಕುಡಿದು ಬರಬಹುದಿತ್ತು.

ಬೋರ್ಡುಗಳು ಮರಳಿಗೆ, ಸಮತಟ್ಟಾದ ಕೆಸರಿಗೆ ಚೆನ್ನ. ಏರಿನಲ್ಲಿ ಚಕ್ರ ಸುತ್ತಿದ ಕೂಡಲೇ ಹಿಂದಕ್ಕೆ ಹಾರಿ ಬಂದವು. ಗೋಣಿಚೀಲ ಒಂದು ಸಲಕ್ಕೆ ಹಿಡಿತ ಕೊಡುತ್ತದೆ, ಆಮೇಲೆ ಹರಿದು ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ. ಇವೆರಡಕ್ಕಿಂತ ಒಂದು ಗುದ್ದಲಿ ಜಾಸ್ತಿ ಉಪಯೋಗ. ಚಕ್ರದ ಮುಂದಿನ ಮಣ್ಣು ತೆಗೆದು ಇಳಿಜಾರು ಮಾಡಿಕೊಟ್ಟರೆ ಎಷ್ಟೋ ಸಲ ಗಾಡಿ ತಾನಾಗಿ ಬರುತ್ತದೆ.

ಗಾಳಿ ಇಳಿಸಿದ ಮೇಲೆ ತುಂಬಬೇಕಲ್ಲ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಸಣ್ಣ ಪಂಪು ಒಂದು ಟೈರು ಮುಗಿಸುವಷ್ಟರಲ್ಲಿ ಮುಟ್ಟಲಾರದಷ್ಟು ಬಿಸಿಯಾಯಿತು. ಬ್ಯಾಟರಿಗೆ ನೇರ ಕ್ಲಿಪ್ ಹಾಕುವ ಪಂಪು ನಾಲ್ಕನ್ನೂ ಸಲೀಸಾಗಿ ತುಂಬಿತು. ವಿಂಚಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಇದನ್ನು ತಗೊಳ್ಳಿ.

ಇನ್ನು ಓಡಿಸುವವರ ತಯಾರಿ. ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ ಮಹೀಂದ್ರದವರ ಆಫ್‌ರೋಡ್ ತರಬೇತಿ ಕೇಂದ್ರ ಇದೆ. ನಾನು ಹೋಗಿದ್ದು ಬೆಂಗಳೂರಿನ ಹೊರಗಿನ ಒಂದು ಟ್ರ್ಯಾಕ್‌ಗೆ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ಹೆಚ್ಚು ಬಲ ಕೊಡುವ ನಿಧಾನದ ಗೇರು) ಹಾಕುವುದು, ಏರಿನಲ್ಲಿ ನಿಂತುಹೋದರೆ ಕ್ಲಚ್ ಒತ್ತಿ ತೇಲಿಸದೆ ಬ್ರೇಕ್ ಹಿಡಿದು, ರಿವರ್ಸ್ ಹಾಕಿ ನೇರ ಹಿಂದಕ್ಕೆ ಇಳಿಯುವುದು, ಅಡ್ಡ ತಿರುಗಿಸದಿರುವುದು, ಇವನ್ನೆಲ್ಲ ಅಲ್ಲಿ ಚೆನ್ನಾಗಿ ಕಲಿಸಿದರು. ಆದರೆ ಟ್ರ್ಯಾಕ್‌ನ ಗುಂಡಿಗಳು ಬದಲಾಗುವುದಿಲ್ಲ. ತೋಟದ ಡ್ರೈವರಣ್ಣ ಕಲಿಸಿದ್ದು ದಾರಿ ಓದುವುದನ್ನು. "ಸಾರ್, ಮೊದ್ಲು ಇಳಿದು ನೋಡಿ, ಆಮೇಲೆ ಹತ್ತಿ," ಅನ್ನುವುದು ಅವರ ಮೊದಲ ಮಾತು. ನೀರು ನಿಂತ ಗುಂಡಿಗೆ ಕೋಲು ಹಾಕಿ ಆಳ ನೋಡುವುದು, ಹೆಬ್ಬೆರಳನ್ನು ಸ್ಟೀರಿಂಗ್ ಒಳಗೆ ಸಿಕ್ಕಿಸದಿರುವುದು, ಇಳಿಯುವಾಗ ಫಸ್ಟ್ ಗೇರಿನಲ್ಲಿ ಬಿಟ್ಟು ಬ್ರೇಕ್ ಮರೆಯುವುದು. ಇಳಿಜಾರಿನಲ್ಲಿ ತಾನೇ ಬ್ರೇಕ್ ಹಿಡಿಯುವ ಜಿಮ್ನಿಯ ಹಿಲ್ ಡಿಸೆಂಟ್ ಬಟನ್ನನ್ನೂ ಅದೇ ಇಳಿಜಾರಿನಲ್ಲಿ ಒತ್ತಿ ನೋಡಿದೆ. ಕಲ್ಲಿನ ಮೇಲೆ ಪರವಾಗಿಲ್ಲ. ಜಾರುವ ಜೇಡಿಯಲ್ಲಿ ಮಾತ್ರ ನನಗೆ ಗೇರಿನ ಮೇಲೇ ನಂಬಿಕೆ. ಇಬ್ಬರು ಗುರುಗಳಲ್ಲಿ ಒಬ್ಬರನ್ನೇ ಆರಿಸು ಅಂದರೆ ಡ್ರೈವರಣ್ಣನೇ.

ಕಾಲಿಗೆ ಗಮ್ ಬೂಟು ಹಾಕಿದರೆ ಪೆಡಲ್ ಗೊತ್ತಾಗುವುದಿಲ್ಲ. ಓಡಿಸುವಾಗ ತೆಳು ಸೋಲಿನ ಶೂ, ಇಳಿದಾಗ ಗಮ್ ಬೂಟು. ಇಂಬಳಕ್ಕೆ ಲೀಚ್ ಸಾಕ್ಸ್ ಒಳ್ಳೆಯದು. ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡರೂ ಆದೀತು, ಅದು ಅಗ್ಗ.

ಒಂದು ಕೊನೆಯ ಕೆಲಸವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ವಾಪಸ್ ಬರುವಾಗ ಹೆದ್ದಾರಿಯಲ್ಲಿ 80 ದಾಟಿದ ಕೂಡಲೇ ಸ್ಟೀರಿಂಗ್ ನಡುಗಿದರೆ ಬಹುಪಾಲು ಅದು ರಿಮ್ ಒಳಗೆ ಒಣಗಿ ಕೂತ ಕೆಸರು. ಅಲೈನ್‌ಮೆಂಟಿಗೆ ದುಡ್ಡು ಕೊಡುವ ಮೊದಲು ರಿಮ್ಮಿನ ಹಿಂಬದಿಗೆ ಪೈಪಿನಲ್ಲಿ ನೀರು ಬಿಡಿ.