ಫಿಲ್ಟರೋ, ಮೋಕಾ ಪಾಟೋ?

ಕಾಫಿಗೆ ಹಾಲು ಬೆರೆಸಿ ಕುಡಿಯುವ ತುಂಬಿದ ಮನೆಯಾದರೆ ಸ್ಟೀಲ್ ಫಿಲ್ಟರನ್ನೇ ಕೊಳ್ಳಿ. ರಾತ್ರಿ ಪುಡಿ ತುಂಬಿ, ಬಿಲ್ಲೆಯಿಂದ ಹಗುರವಾಗಿ ಒತ್ತಿ, ಬಿಸಿನೀರು ಸುರಿದಿಟ್ಟರೆ ಬೆಳಗ್ಗೆ ಗಟ್ಟಿ ಡಿಕಾಕ್ಷನ್ ಸಿದ್ಧ. ಬಲವಾಗಿ ಒತ್ತಿದರೆ ಹನಿ ಇಳಿಯುವುದೇ ಕಷ್ಟ.

ಒಬ್ಬರಿಗೆ, ಅವಸರದ ಬೆಳಗಿಗೆ, 1933ರಲ್ಲಿ ಇಟಲಿಯಲ್ಲಿ ಹುಟ್ಟಿದ ಮೋಕಾ ಪಾಟ್ ಒಳ್ಳೆಯದು. ಒಲೆಯ ಮೇಲಿಟ್ಟರೆ ಅದರ ಕೆಳಭಾಗದ ನೀರು ಹಬೆಯ ಒತ್ತಡಕ್ಕೆ ಪುಡಿಯನ್ನು ಹಾಯ್ದು ಮೇಲೇರುತ್ತದೆ. ಕೆಲವೇ ನಿಮಿಷದ ಕೆಲಸ. ಗೊರಗೊರ ಸದ್ದು ಕೇಳಿದೊಡನೆ ಇಳಿಸಿ, ತಡವಾದರೆ ಕಹಿ. ಚಿಕೋರಿಯಿಲ್ಲದ ಅರೇಬಿಕಾ ಪುಡಿ ಹಾಕಿದರೆ ಹಾಲಿಲ್ಲದೆಯೂ ಅದರ ಘಮ ಮನಸ್ಸು ತುಂಬುತ್ತದೆ.

ಬೆಲೆಯಲ್ಲಿ ಫಿಲ್ಟರ್ ಅಗ್ಗ. ಅದರಲ್ಲಿ ಸವೆಯುವ ಭಾಗವೇ ಇಲ್ಲ. ತೂತು ಕಟ್ಟಿದರೆ ಬೆಂಕಿಗೆ ಹಿಡಿದು ತೊಳೆದರಾಯಿತು. ಮೋಕಾದ ರಬ್ಬರ್ ವಾಷರನ್ನು ಆಗಾಗ ಬದಲಿಸಬೇಕು. ಇಂಡಕ್ಷನ್ ಒಲೆಯಿದ್ದರೆ ಅಲ್ಯುಮಿನಿಯಂ ಪಾಟ್ ಬೇಡ.