ಇಂಗ್ಲೆಂಡಿನ ಮುತ್ತಜ್ಜನ ಕಸುಬು ಹುಡುಕಿಸಲು ದುಡ್ಡು ಕೊಡುವ ಮುನ್ನ

ಇಲ್ಲಿ ಇಂಗ್ಲೆಂಡಿನ ಮನೆಗಳಿಗೆ ಸೊಸೆಯೋ ಅಳಿಯನೋ ಆಗಿ ಬಂದಿರುವ ಕನ್ನಡಿಗರು ದಯವಿಟ್ಟು ಇದನ್ನು ಓದಿ, ಮನೆಯ ಹಿರಿಯರಿಗೂ ಹೇಳಿ. "ನಿಮ್ಮ ಪೂರ್ವಜರ ಕಸುಬಿನ ಬದುಕನ್ನು ಬುಡಸಮೇತ ತೆಗೆದುಕೊಡುತ್ತೇವೆ" ಎಂಬ ಜಾಹೀರಾತು ನಂಬಿ ನಮ್ಮ ಅತ್ತೆಯವರು ಆರುನೂರು ಪೌಂಡ್ ಕಳೆದುಕೊಂಡಿದ್ದಾರೆ. ದೂರು ಇನ್ನೂ ಇತ್ಯರ್ಥವಾಗಿಲ್ಲ, ಹಾಗಾಗಿ ಆ ಜಾಹೀರಾತಿನವರ ಹೆಸರು ಹಾಕುತ್ತಿಲ್ಲ. ಅವರ ವರಸೆ ಗೊತ್ತಿದ್ದರೆ ಯಾವ ಹೆಸರಿನಲ್ಲಿ ಬಂದರೂ ಗುರುತು ಹಿಡಿಯಬಹುದು.

ಅತ್ತೆಯವರ ಮುತ್ತಜ್ಜ ವಿಲಿಯಂ ನಾರ್ಥಾಂಪ್ಟನ್ನಿನಲ್ಲಿ ಬೂಟು ಹೊಲಿಯುತ್ತಿದ್ದ ಅನ್ನುವುದಷ್ಟೇ ಮನೆಯಲ್ಲಿ ಗೊತ್ತಿದ್ದ ಸಂಗತಿ. ಬಂದ ವರದಿಯನ್ನು ನೀವು ನೋಡಬೇಕಿತ್ತು. ದಪ್ಪ ರಟ್ಟು, ಚಿನ್ನದ ಬಣ್ಣದ ಅಕ್ಷರ, ಮೊದಲ ಪುಟದಲ್ಲೇ ಸಿಂಹ ನಿಂತಿರುವ "ಮನೆತನದ ಲಾಂಛನ". (ಇಂಗ್ಲೆಂಡಿನಲ್ಲಿ ಲಾಂಛನ ಸಲ್ಲುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ಸಂತತಿಗೆ, ಒಂದು ಅಡ್ಡಹೆಸರಿನವರಿಗೆಲ್ಲ ಒಂದು ಲಾಂಛನ ಅನ್ನುವುದೇ ಇಲ್ಲ ಎಂದು ಲಾಂಛನ ಕೊಡುವ ಅಧಿಕಾರವಿರುವ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ಸ್ಪಷ್ಟವಾಗಿಯೇ ಹೇಳುತ್ತದೆ.) ಒಳಗೆ ನಮ್ಮ ವಿಲಿಯಂ ಪೇಟೆಯಲ್ಲಿ ಅಂಗಡಿ ಇಟ್ಟ ಯಜಮಾನ, ಕೈಕೆಳಗೆ ಆಳುಗಳು, 1848ರ ಅಪ್ರೆಂಟಿಸ್ ತೆರಿಗೆ ವಹಿಯಲ್ಲಿ ಅವನ ಹೆಸರು. ಅತ್ತೆಯವರು ಅದನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿಕೊಂಡು ಬಂದರು.

ನನಗೆ ಅನುಮಾನ ಬಂದದ್ದು ಆ 1848ರಿಂದ. ಅಪ್ರೆಂಟಿಸ್ ಕರಾರಿನ ಮೇಲಿನ ತೆರಿಗೆಯ ವಹಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿವೆ, ಆದರೆ 1710ರಿಂದ 1811ರವರೆಗಿನವು ಮಾತ್ರ. ಅಪ್ರೆಂಟಿಸ್ ಆಗಿ ದುಡಿಯದೆ ಕಸುಬು ನಡೆಸುವಂತಿಲ್ಲ ಎಂಬ 1563ರ ಕಟ್ಟಳೆಯೂ 1814ರಲ್ಲೇ ರದ್ದಾಗಿತ್ತು. ಆಮೇಲೂ ಹುಡುಗರು ಕಸುಬು ಕಲಿಯುತ್ತಿದ್ದರು ನಿಜ, ಎಷ್ಟೋ ಸಲ ಅಪ್ಪನ ಪಕ್ಕದಲ್ಲೇ ಕೂತು. ಅದನ್ನು ಯಾವ ಸರ್ಕಾರ ಬರೆದಿಟ್ಟುಕೊಳ್ಳುತ್ತದೆ? ಈ ವಹಿ ಎಲ್ಲಿದೆ ಎಂದು ಇಮೇಲ್ ಮಾಡಿದರೆ "ಅದು ನಮ್ಮ ಖಾಸಗಿ ಸಂಗ್ರಹ" ಎಂಬ ಉತ್ತರ ಬಂತು.

ಮದುವೆ ಸರ್ಟಿಫಿಕೇಟ್ ತರಿಸಿದೆವು. 1837ರ ಜುಲೈಯಿಂದ ಇಲ್ಲಿನ ಮದುವೆ ದಾಖಲೆಯಲ್ಲಿ ವಧೂವರರ ತಂದೆಯ ಹೆಸರು ಮತ್ತು ಕಸುಬು ಎರಡೂ ಇರುತ್ತವೆ. ವರದಿಯಲ್ಲಿ ವಿಲಿಯಮನ ತಂದೆ ಥಾಮಸ್, ಬೂಟು ವ್ಯಾಪಾರಿ. ಸರ್ಟಿಫಿಕೇಟ್‌ನಲ್ಲಿ ಜಾನ್, ಮರ ಕೊಯ್ಯುವವನು. ಚರ್ಚಿನ ಮೂಲ ವಹಿಯ ಚಿತ್ರವನ್ನೂ ತೆಗೆಸಿ ನೋಡಿದೆವು. ವರನ ಸಹಿಯ ಜಾಗದಲ್ಲಿ ಒಂದು ಸೊಟ್ಟ ಗುಣಾಕಾರ ಚಿಹ್ನೆ, ಅದರ ಸುತ್ತ ಪಾದ್ರಿಯ ದುಂಡು ಅಕ್ಷರದಲ್ಲಿ "ವಿಲಿಯಮನ ಗುರುತು". ಅದರ ಕೆಳಗೆ ಹೆಂಡತಿ ತನ್ನ ಹೆಸರನ್ನು ತಾನೇ ಬರೆದಿದ್ದಾಳೆ, ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ. ವರದಿಯ ವಿಲಿಯಂ ಅಂಗಡಿ ಲೆಕ್ಕವನ್ನೆಲ್ಲ ಸ್ವಂತ ಕೈಯಲ್ಲಿ ಬರೆಯುತ್ತಿದ್ದನಂತೆ!

ಆದದ್ದು ಇಷ್ಟು. ನಾರ್ಥಾಂಪ್ಟನ್ ಅಂದರೆ ಬೂಟಿನ ಊರು. ಒಂದೇ ಹೆಸರು, ಒಂದೇ ಅಡ್ಡಹೆಸರು, ಒಂದೇ ಕಸುಬಿನವರು ಇಬ್ಬರಿದ್ದರೆ ಆಶ್ಚರ್ಯವಿಲ್ಲ. ಅವರಲ್ಲಿ ಅಂಗಡಿ ಇದ್ದವನು ವ್ಯಾಪಾರದ ಡೈರೆಕ್ಟರಿಯಲ್ಲಿ ಸಿಗುತ್ತಾನೆ. ಕೆಲ್ಲಿ, ಪಿಗಟ್, ವೈಟ್ ಇವರೆಲ್ಲ ಅಚ್ಚು ಹಾಕುತ್ತಿದ್ದ ಆ ಪುಸ್ತಕಗಳಲ್ಲಿ ಇನ್ನೊಬ್ಬರ ಕೆಳಗೆ ಕೂಲಿಗೆ ದುಡಿಯುವ ಜರ್ನಿಮನ್‌ಗಳಿಗೆ ಜಾಗವಿರುತ್ತಿರಲಿಲ್ಲ. ಸುಲಭವಾಗಿ ಸಿಕ್ಕವನನ್ನೇ, ಕೇಳಲು ಚೆನ್ನಾಗಿರುವವನನ್ನೇ ನಮ್ಮ ಮುತ್ತಜ್ಜನನ್ನಾಗಿ ಮಾಡಿದ್ದಾರೆ. 1851ರಿಂದ ಜನಗಣತಿಯಲ್ಲಿ ಹುಟ್ಟಿದ ಊರಿನ ಹೆಸರಿದೆ. ಅಂಗಡಿಯವನು ನಾರ್ಥಾಂಪ್ಟನ್ನಿನಲ್ಲೇ ಹುಟ್ಟಿದವನು, ನಮ್ಮವನು ವೆಲಿಂಗ್‌ಬರೋದವನು. ಯಾವ ಕಷ್ಟವೂ ಇಲ್ಲದೆ ಬಯಲಾಗುವ ವ್ಯತ್ಯಾಸ ಇದು.

ನಿಜವಾದ ವಿಲಿಯಮನ ಕಥೆ ಏನು ಕಮ್ಮಿಯದಲ್ಲ. ಆಗ ಬೂಟಿನ ಕೆಲಸ ಬಹುಪಾಲು ಮನೆಯಲ್ಲೇ ನಡೆಯುತ್ತಿತ್ತು. ತಯಾರಕರಿಂದ ಕತ್ತರಿಸಿದ ಚರ್ಮ ತಂದು, ಮೇಲ್ಭಾಗವನ್ನು ಹೆಂಗಸರು ಮಕ್ಕಳು ಹೊಲಿದು, ಅಟ್ಟೆಯನ್ನು ಗಂಡಸರು ಕೂಡಿಸಿ ವಾಪಸು ಒಪ್ಪಿಸಬೇಕು. 1850ರ ದಶಕದ ಕೊನೆಗೆ ಹೊಲಿಗೆ ಯಂತ್ರ ಬಂದಾಗ ಊರಲ್ಲಿ ಮುಷ್ಕರಗಳಾದವು. ವಿಲಿಯಂ ಮದುವೆಯಾದದ್ದು ಅದೇ ಗದ್ದಲದ ಕಾಲದಲ್ಲಿ. ಆರುನೂರು ಪೌಂಡಿನ ವರದಿಯಲ್ಲಿ ಇದರ ಸುಳಿವೇ ಇಲ್ಲ.

ಯಾರಿಗೇ ದುಡ್ಡು ಕೊಟ್ಟರೂ, ಪ್ರತಿ ಸಾಲಿಗೂ ದಾಖಲೆ ಸಂಖ್ಯೆ ಕೊಡುತ್ತೀರಾ ಎಂದು ಮೊದಲೇ ಕೇಳಿ. 1851ರ ಜನಗಣತಿಯಾದರೆ ಎಚ್‌ಒ 107, 1861ರದ್ದಾದರೆ ಆರ್‌ಜಿ 9, 1881ರದ್ದಾದರೆ ಆರ್‌ಜಿ 11, ಅದರ ಮುಂದೆ ಕಟ್ಟು ಮತ್ತು ಹಾಳೆಯ ಸಂಖ್ಯೆ. ಕೊಡಲು ತಡವರಿಸಿದರೆ ಅಲ್ಲಿಗೇ ಬಿಡಿ. ನಿಯತ್ತಿನ ಸಂಶೋಧಕರು ಇಲ್ಲವೆಂದಲ್ಲ. 1968ರಲ್ಲಿ ಶುರುವಾದ ಆಗ್ರಾ (AGRA) ಎಂಬ ಅವರ ಸಂಘದ ಸದಸ್ಯರ ಪಟ್ಟಿ ಯಾರು ಬೇಕಾದರೂ ನೋಡಬಹುದು. ಅದಕ್ಕೂ ಮುಂಚೆ ನಿಮ್ಮ ಊರಿನ ಲೈಬ್ರರಿಗೆ ಹೋಗಿ, ಬಹಳ ಕಡೆ ವಂಶಾವಳಿ ಹುಡುಕುವ ಆನ್ಸೆಸ್ಟ್ರಿ ಜಾಲತಾಣ ಪುಕ್ಕಟೆ ಸಿಗುತ್ತದೆ. ಹಳೆಯ ಡೈರೆಕ್ಟರಿಗಳನ್ನು ಲೆಸ್ಟರ್ ವಿಶ್ವವಿದ್ಯಾಲಯ ಪುಕ್ಕಟೆಯಾಗಿ ಆನ್‌ಲೈನಿನಲ್ಲಿಟ್ಟಿದೆ.

ಇನ್ನೊಂದು, ದುಡ್ಡು ಕ್ರೆಡಿಟ್ ಕಾರ್ಡಿನಲ್ಲೇ ಕೊಡಿ. ನೂರು ಪೌಂಡಿಗಿಂತ ಹೆಚ್ಚಿನ ಬೆಲೆಯದ್ದಾದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯೂ ಹೊಣೆ. ಬ್ಯಾಂಕಿನಿಂದ ನೇರ ಕಳಿಸಿದರೆ ಹತ್ತು ಪರ್ಸೆಂಟ್ ಸೋಡಿ ಅಂತ ಅತ್ತೆಯವರಿಗೆ ಆಸೆ ತೋರಿಸಿದ್ದು ಸುಮ್ಮನೆ ಅಲ್ಲ.

ದುಡ್ಡಿಗಿಂತ ಈಗ ತಲೆನೋವಾಗಿರುವುದು ಬೇರೆ. ಆ ತಪ್ಪು ವಂಶಾವಳಿಯನ್ನು ವರದಿ ಮಾಡಿಕೊಟ್ಟವರೇ ಇಂಟರ್‌ನೆಟ್ಟಿಗೆ ಏರಿಸಿದ್ದಾರೆ, ಅದನ್ನು ನೋಡಿ ದೂರದ ನೆಂಟರು ತಮ್ಮ ವಂಶವೃಕ್ಷಗಳಿಗೆ ನಕಲು ಮಾಡಿಕೊಂಡಿದ್ದಾರೆ. ಒಬ್ಬೊಬ್ಬರಿಗೂ ಮದುವೆ ವಹಿಯ ಚಿತ್ರ ಕಳಿಸುತ್ತಿದ್ದೇನೆ. ಕೆನಡಾದ ಒಬ್ಬರು ತಕ್ಷಣ ತಿದ್ದಿಕೊಂಡರು. ಉಳಿದವರು ಅಂಗಡಿಯ ಯಜಮಾನನೇ ಇರಲಿ ಅನ್ನುತ್ತಿದ್ದಾರೆ.